‘ನಾನೇನೂ ಓದಿಲ್ಲ’ ಎನ್ನುವವರ ಕೈಯಲ್ಲಿ ಏನೆಲ್ಲ ಇದೆ?

(ಎಸ್ಸೆಸ್ಸೆಲ್ಸಿ ಮತ್ತು ಪಿಯುಸಿ ಬಳಿಕ ಓದು ನಿಲ್ಲಿಸಿದ ಯುವಕ ಯುವತಿಯರು ಹಾಗೂ ಅವರ ಹೆತ್ತವರಿಗಾಗಿ ಬೆಂಗಳೂರಿನ ಮಲ್ಲತ್ತಹಳ್ಳಿಯಲ್ಲಿ ಏರ್ಪಡಿಸಿದ್ದ ಸಭೆಯಲ್ಲಿ ನಿವೃತ್ತ ಆರೋಗ್ಯ ಸಹಾಯಕಿಯೋರ್ವರು ಮಾಡಿದ ಭಾಷಣದ ಲಿಖಿತ ರೂಪ.)

ಮುಂದಿನ ಸಾಲಿಗೆ ಬರಲು ಸಂಕೋಚಪಟ್ಟು ಗೋಡೆಗೆ ಒರಗಿ ನಿಂತಿರುವ ನನ್ನ ಮಕ್ಕಳೇ,

ಎರಡು ವರ್ಷಗಳ ಹಿಂದೆ ನಾನು ಬಚ್ಚಲು ಮನೆಯಲ್ಲಿ ಜಾರಿ ಬಿದ್ದು ಸೊಂಟದ ಮೂಳೆ ಮುರಿದುಕೊಂಡೆ. ಮೂವತ್ತು ವರ್ಷ ಊರೂರು ಸುತ್ತಿ ಬಾಣಂತಿಯರನ್ನು ಎಬ್ಬಿಸಿ ನಡೆಸಿದವಳು, ಮಗ್ಗುಲು ಬದಲಿಸುವುದಕ್ಕೂ ಇನ್ನೊಬ್ಬರ ಕೈಗಾಗಿ ಕಾಯುವಂತಾಯಿತು. ನನ್ನನ್ನು ನೋಡಿಕೊಳ್ಳಲು ಓರ್ವ ಹುಡುಗಿ ಬಂದಳು. ಮೂರನೆಯ ದಿನ ಆಕೆ ನನ್ನ ಹಿಮ್ಮಡಿಯನ್ನು ಬೆರಳಿನಿಂದ ಒತ್ತಿ ನೋಡಿ, ‘ಅಮ್ಮಾ, ಒತ್ತಿದರೂ ಈ ಕೆಂಪು ಮಾಯವಾಗುತ್ತಿಲ್ಲ, ಹುಣ್ಣಾಗುವ ಮೊದಲ ಗುರುತು ಇದು’ ಎಂದಳು. ಮೀನಖಂಡದ ಕೆಳಗೆ ದಿಂಬಿಟ್ಟು ಹಿಮ್ಮಡಿ ಹಾಸಿಗೆಗೆ ತಾಗದಂತೆ ಮಾಡಿದಳು. ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಿ, ಸಮಯವನ್ನು ಒಂದು ನೋಟ್ ಪುಸ್ತಕದಲ್ಲಿ ಬರೆದಿಡತೊಡಗಿದಳು. ನನ್ನನ್ನು ನೋಡಲು ಬಂದ ಮನೆಯವರಾರೂ ಗಮನಿಸದ್ದನ್ನು ಆಕೆ ಗಮನಿಸಿದ್ದಳು. ‘ಎಷ್ಟು ಓದಿದ್ದೀಯಮ್ಮಾ?’ ಎಂದು ಕೇಳಿದೆ. ಆಕೆ ತಲೆ ತಗ್ಗಿಸಿದಳು. ‘ನಾನೇನೂ ಓದಿಲ್ಲ ಅಮ್ಮಾ, ಪಿಯುಸಿ ಫೇಲು’ ಎಂದಳು.

ಈ ‘ಏನೂ ಓದಿಲ್ಲ’ ಎಂಬ ಮಾತಿನ ಬಗ್ಗೆಯೇ ನಾನಿಂದು ಮಾತಾಡಬೇಕೆಂದಿದ್ದೇನೆ.

ಒಮ್ಮೆ ನಿಮ್ಮ ಮಲ್ಲತ್ತಹಳ್ಳಿಯ ಸುತ್ತ ಕಣ್ಣು ಹಾಯಿಸಿ. ಪಕ್ಕದಲ್ಲಿಯೇ ಬೆಂಗಳೂರು ವಿಶ್ವವಿದ್ಯಾನಿಲಯದ ಜ್ಞಾನಭಾರತಿ ಆವರಣವಿದೆ. ಊರಿನೊಳಗೆ ಡಾ. ಅಂಬೇಡ್ಕರ್ ತಾಂತ್ರಿಕ ಮಹಾವಿದ್ಯಾಲಯವಿದೆ. ನಾಗರಭಾವಿಯ ಕಡೆ ಹೆಜ್ಜೆ ಹಾಕಿದರೆ ರಾಷ್ಟ್ರೀಯ ಕಾನೂನು ಶಾಲೆಯಿದೆ, ಸಾಮಾಜಿಕ ಮತ್ತು ಆರ್ಥಿಕ ಬದಲಾವಣೆ ಕುರಿತ ಸಂಶೋಧನಾ ಸಂಸ್ಥೆಯಿದೆ. ಪದವಿ ಕೊಡುವ ಸಂಸ್ಥೆಗಳು ಇಷ್ಟು ಒತ್ತೊತ್ತಾಗಿರುವ ಊರುಗಳು ನಾಡಿನಲ್ಲಿ ಹೆಚ್ಚಿಲ್ಲ. ಆದರೆ ಇದೇ ಊರಿನ ಓಣಿಗಳಲ್ಲಿ ಆ ಗೇಟುಗಳನ್ನು ದಾಟದ ಮಕ್ಕಳೂ ಇದ್ದಾರೆ. ಫಲಿತಾಂಶದ ದಿನ ಗೆದ್ದವರ ಮನೆಯಿಂದ ಸಿಹಿ ಬರುತ್ತದೆ. ಸೋತವರ ಮನೆಯ ಬಾಗಿಲು ಮುಚ್ಚಿಕೊಳ್ಳುತ್ತದೆ. ಆಮೇಲೆ ಹುಡುಗನಿಗೆ ಡೆಲಿವರಿ ಬೈಕು ಅಥವಾ ಮೊಬೈಲ್ ಅಂಗಡಿ. ಹುಡುಗಿಗೆ ಗಾರ್ಮೆಂಟ್ಸ್ ಅಥವಾ ಮದುವೆ. ಈ ಕೆಲಸಗಳಲ್ಲಿ ತಪ್ಪೇನಿಲ್ಲ. ಆದರೆ ಇದಲ್ಲದೆ ಇನ್ನೊಂದು ದಾರಿಯಿದೆಯೆಂದು ಆ ಮಕ್ಕಳಿಗೆ ಹೇಳಿದವರಾರು?

ರೋಗಿಯನ್ನು, ವೃದ್ಧರನ್ನು, ಬಾಣಂತಿಯನ್ನು, ಅಂಗವಿಕಲ ಮಗುವನ್ನು, ಮನಸ್ಸು ಮುದುಡಿದವರನ್ನು ನೋಡಿಕೊಳ್ಳುವ ಕೆಲಸ ಅದು. 2011ರ ಜನಗಣತಿಯಂತೆ ನಮ್ಮ ದೇಶದಲ್ಲಿ 60 ವರ್ಷ ಮೀರಿದವರು ಹತ್ತು ಕೋಟಿಗೂ ಹೆಚ್ಚು. ಕರ್ನಾಟಕದಲ್ಲಿ ಅಂಗವಿಕಲರು 13 ಲಕ್ಷಕ್ಕೂ ಹೆಚ್ಚು. ಕೂಡು ಕುಟುಂಬಗಳು ಒಡೆದಿವೆ. ಮಗ ವಿದೇಶದಲ್ಲಿ, ಸೊಸೆ ಆಫೀಸಿನಲ್ಲಿ, ಅಪ್ಪ ಹಾಸಿಗೆಯಲ್ಲಿ. ಇವರನ್ನೆಲ್ಲ ನೋಡಿಕೊಳ್ಳಲು ವೈದ್ಯರಷ್ಟೇ ಸಾಲುತ್ತಾರೆಯೇ? ವೈದ್ಯರು ಬಂದು ಹೋಗುವುದು ಐದು ನಿಮಿಷ. ಉಳಿದ ಇಪ್ಪತ್ತಮೂರು ಗಂಟೆ ಐವತ್ತೈದು ನಿಮಿಷ ಯಾರದು?

*

ಅಂದಹಾಗೆ, ಪದವಿಯಿಲ್ಲದವರು ಈ ಕ್ಷೇತ್ರದಲ್ಲಿ ಏನು ಮಾಡಬಲ್ಲರು ಎಂಬ ಪ್ರಶ್ನೆಗೆ ಉತ್ತರ ಹುಡುಕಲು ನಾವು ದೂರ ಹೋಗಬೇಕಿಲ್ಲ. 2018ರ ಡಿಸೆಂಬರ್ 25ರಂದು, ನೀವಿರುವ ಈ ಪ್ರದೇಶದ ಪಕ್ಕದ ಕೆಂಗೇರಿಯ ಆಸ್ಪತ್ರೆಯೊಂದರಲ್ಲಿ 98 ವರ್ಷದ ಓರ್ವ ಅಜ್ಜಿ ಕಣ್ಮುಚ್ಚಿದರು. ಪಾವಗಡ ತಾಲೂಕಿನ ಕೃಷ್ಣಾಪುರದ ಸೂಲಗಿತ್ತಿ ನರಸಮ್ಮ. ಶಾಲೆಯ ಮೆಟ್ಟಿಲು ಹತ್ತಿದವರಲ್ಲ. ಹೆರಿಗೆ ಮಾಡಿಸುವ ವಿದ್ಯೆಯನ್ನು ಅಜ್ಜಿಯಿಂದ ಕಲಿತರು. ಏಳು ದಶಕಗಳಲ್ಲಿ 15,000ಕ್ಕೂ ಹೆಚ್ಚು ಹೆರಿಗೆ ಮಾಡಿಸಿದರೆಂದು ಹೇಳಲಾಗುತ್ತದೆ. 2014ರಲ್ಲಿ ತುಮಕೂರು ವಿಶ್ವವಿದ್ಯಾನಿಲಯ ಗೌರವ ಡಾಕ್ಟರೇಟ್ ನೀಡಿತು. 2018ರಲ್ಲಿ ಪದ್ಮಶ್ರೀ ಬಂತು. ಅವರು ವಿಶ್ವವಿದ್ಯಾನಿಲಯಕ್ಕೆ ಹೋಗಿರಲಿಲ್ಲ. ವಿಶ್ವವಿದ್ಯಾನಿಲಯವೇ ಅವರ ಬಳಿಗೆ ಬಂತು.

ಆದರೆ ನರಸಮ್ಮನವರ ಬದುಕಿನಿಂದ ನಾವು ಕಲಿಯಬೇಕಾದ ಪಾಠ ಯಾವುದು? ‘ಓದು ಬೇಡ’ ಎಂಬುದಲ್ಲ. ಅವರೂ ಕಲಿತರು. ಓರ್ವ ಅನುಭವಿಯ ಪಕ್ಕದಲ್ಲಿ ಕುಳಿತು ವರ್ಷಗಟ್ಟಲೆ ನೋಡಿ, ಮಾಡಿ, ತಿದ್ದಿಸಿಕೊಂಡು ಕಲಿತರು. ಪದವಿಯಿಲ್ಲದಿರುವುದು ಬೇರೆ, ವಿದ್ಯೆಯಿಲ್ಲದಿರುವುದು ಬೇರೆ. ನಾನೇ ಆರೋಗ್ಯ ಸಹಾಯಕಿಯಾಗಿ ಕಂಡಿದ್ದೇನೆ: ಮನೆಯಲ್ಲಿ ಹೆರಿಗೆಯಾಗಿ, ರಕ್ತ ನಿಲ್ಲದೆ, ಎತ್ತಿನ ಗಾಡಿಯಲ್ಲಿ ಆಸ್ಪತ್ರೆಗೆ ತರುವಷ್ಟರಲ್ಲಿ ತಣ್ಣಗಾದ ತಾಯಂದಿರನ್ನು. ಎಂಥ ಅನುಭವಿಯ ಕೈಯನ್ನೂ ಮೀರುವ ಗಳಿಗೆಗಳಿವೆ. ಆಗ ಬೇಕಾಗುವುದು ರಕ್ತ, ಔಷಧ, ಶಸ್ತ್ರಚಿಕಿತ್ಸೆ. ತನ್ನ ಕೈ ಎಲ್ಲಿಗೆ ಮುಗಿಯುತ್ತದೆ ಎಂದು ತಿಳಿದು ಸಕಾಲಕ್ಕೆ ಕಳುಹಿಸಿಕೊಡುವವರೇ ನಿಜವಾದ ವಿದ್ಯಾವಂತರು.

ಇನ್ನೊಂದು ಸಂಗತಿಯಿದೆ. ನರಸಮ್ಮ ಹೆರಿಗೆಗೆ ಹಣ ಪಡೆಯಲಿಲ್ಲ. ಅದು ಅವರ ದೊಡ್ಡತನ. ಆದರೆ ಅದನ್ನೇ ನಿಯಮ ಮಾಡಿ, ಇವತ್ತಿನ ಬಡ ಹುಡುಗಿಗೆ ‘ಇದು ಸೇವೆಯಮ್ಮಾ, ಸಂಬಳ ಕೇಳಬೇಡ’ ಎನ್ನುವುದು ನಮ್ಮ ಸಣ್ಣತನ. ಈ ವಿಷಯಕ್ಕೆ ಮತ್ತೆ ಬರುತ್ತೇನೆ.

*

ಕಾಲೇಜು ಕಾಣದವರಿಗೆ ಸರಿಯಾದ ತರಬೇತಿ ಕೊಟ್ಟರೆ ಫಲಿತಾಂಶ ಬರುತ್ತದೆಯೇ? ಇದು ಭಾವನೆಯ ಪ್ರಶ್ನೆಯಲ್ಲ, ಪರೀಕ್ಷಿಸಿ ನೋಡಿದ ಪ್ರಶ್ನೆ. ಮಹಾರಾಷ್ಟ್ರದ ಗಡ್‌ಚಿರೋಲಿಯಲ್ಲಿ ಡಾ. ಅಭಯ್ ಬಂಗ್ ಮತ್ತು ಡಾ. ರಾಣಿ ಬಂಗ್ ದಂಪತಿ, ಐದರಿಂದ ಹತ್ತನೇ ತರಗತಿವರೆಗೆ ಓದಿದ್ದ ಹಳ್ಳಿಯ ಮಹಿಳೆಯರಿಗೆ ನವಜಾತ ಶಿಶುವಿನ ಆರೈಕೆ ಕಲಿಸಿದರು. ಮಗುವಿನ ತೂಕ ನೋಡುವುದು, ಬೆಚ್ಚಗಿಡುವುದು, ಉಸಿರಾಟ ಎಣಿಸುವುದು, ಸೋಂಕಿನ ಗುರುತು ಹಿಡಿಯುವುದು. 39 ಹಳ್ಳಿಗಳಲ್ಲಿ ಈ ಮಹಿಳೆಯರು ಮನೆ ಮನೆಗೆ ಹೋದರು. ಮೂರನೆಯ ವರ್ಷಕ್ಕೆ, ಇಂಥ ಆರೈಕೆಯಿಲ್ಲದ ಹಳ್ಳಿಗಳಿಗೆ ಹೋಲಿಸಿದರೆ ನವಜಾತ ಶಿಶುಗಳ ಸಾವು ಶೇ. 62ರಷ್ಟು ಕಡಿಮೆಯಾಯಿತು. 1999ರಲ್ಲಿ ‘ಲ್ಯಾನ್ಸೆಟ್’ ಎಂಬ ವೈದ್ಯಕೀಯ ಪತ್ರಿಕೆ ಇದನ್ನು ಪ್ರಕಟಿಸಿತು. ಇಂದು ಆಶಾ ಕಾರ್ಯಕರ್ತೆ ಬಾಣಂತಿಯ ಮನೆಗೆ ತಕ್ಕಡಿ ಹಿಡಿದು ಬರುತ್ತಾರಲ್ಲ, ಅದರ ಬೇರು ಅಲ್ಲಿದೆ.

ನೆರೆಯ ಕೇರಳದ ಮಲಪ್ಪುರಂ ಜಿಲ್ಲೆಯನ್ನು ನೋಡಿ. ಗುಣವಾಗದ ಕಾಯಿಲೆಯಿಂದ ಮಲಗಿದವರನ್ನು ನೋಡಿಕೊಳ್ಳಲು 2001ರಲ್ಲಿ ಅಲ್ಲಿ ಒಂದು ಜಾಲ ರೂಪುಗೊಂಡಿತು. ಸಾಮಾನ್ಯ ಜನರು, ವಿದ್ಯಾರ್ಥಿಗಳು, ಗೃಹಿಣಿಯರು ಸ್ವಯಂಸೇವಕರಾದರು. ತರಬೇತಿಯೆಷ್ಟು? 16 ಗಂಟೆಯ ತರಗತಿ ಮತ್ತು ನಾಲ್ಕು ದಿನಗಳ ಪ್ರಾಯೋಗಿಕ ಕಲಿಕೆ. ಅವರ ಹಿಂದೆ ದಾದಿಯರಿದ್ದರು, ವೈದ್ಯರಿದ್ದರು. ಗಾಯ ತೊಳೆಯುವುದು, ಕೈ ಹಿಡಿದು ಕುಳಿತುಕೊಳ್ಳುವುದು, ಆ ಮನೆಗೆ ಅಕ್ಕಿ ಇದೆಯೇ ಎಂದು ನೋಡುವುದು ಇವರ ಕೆಲಸವಾಯಿತು. 2008ರಲ್ಲಿ ಕೇರಳ ಸರಕಾರ ಇದಕ್ಕಾಗಿ ನೀತಿಯನ್ನೇ ರೂಪಿಸಿತು.

ಮನಸ್ಸಿನ ಕಾಯಿಲೆಯ ಬಗ್ಗೆಯೂ ಹೀಗೆಯೇ. ಆಫ್ರಿಕಾದ ಜಿಂಬಾಬ್ವೆಯಲ್ಲಿ ಡಾ. ಡಿಕ್ಸನ್ ಚಿಬಾಂಡ ಎಂಬ ಮನೋವೈದ್ಯರು ಅಜ್ಜಿಯಂದಿರಿಗೆ ತರಬೇತಿ ಕೊಟ್ಟು, ಆರೋಗ್ಯ ಕೇಂದ್ರದ ಹೊರಗೆ ಒಂದು ಬೆಂಚಿನ ಮೇಲೆ ಕೂರಿಸಿದರು. ಖಿನ್ನತೆಯಿಂದ ಬಳಲುವವರು ಬಂದು ಅಜ್ಜಿಯ ಬಳಿ ಮಾತಾಡಿದರು. 2016ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಅವರಿಗೆ ಸ್ಪಷ್ಟ ಗುಣ ಕಂಡಿತ್ತು. ನಮ್ಮದೇ ನಿಮ್ಹಾನ್ಸ್ ಸಂಸ್ಥೆಯು 1980ರ ದಶಕದಲ್ಲಿ ಬಳ್ಳಾರಿ ಜಿಲ್ಲೆಯಲ್ಲಿ, ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರ ಜೊತೆಗೆ ಸಾಮಾನ್ಯ ಆರೋಗ್ಯ ಕಾರ್ಯಕರ್ತರಿಗೂ ಮಾನಸಿಕ ರೋಗದ ಗುರುತು ಹಿಡಿಯಲು ಕಲಿಸಿತ್ತು.

ಈ ಎಲ್ಲ ಉದಾಹರಣೆಗಳಲ್ಲಿ ಒಂದು ಸಮಾನ ಅಂಶವನ್ನು ಗಮನಿಸಿ. ಪದವಿ ಇರಲಿಲ್ಲ, ಸರಿ. ಆದರೆ ತರಬೇತಿಯಿತ್ತು, ಮೇಲಿನಿಂದ ನೋಡಿಕೊಳ್ಳುವವರಿದ್ದರು, ಕೆಲಸದ ಗಡಿಯಿತ್ತು. ಈ ಮೂರರಲ್ಲಿ ಒಂದು ತಪ್ಪಿದರೂ ನೆರವು ಅಪಾಯವಾಗುತ್ತದೆ.

*

ಈಗ ನೇರವಾಗಿ ಮಕ್ಕಳ ಪ್ರಶ್ನೆಗೆ ಬರುತ್ತೇನೆ. ನಿಮ್ಮಲ್ಲಿರುವ ಅಂಕಪಟ್ಟಿಗೆ ಯಾವ ಬಾಗಿಲು ತೆರೆಯುತ್ತದೆ?

ಎಸ್ಸೆಸ್ಸೆಲ್ಸಿ ಪಾಸಾದವರಿಗೆ ಕೆಲವು ದಾರಿಗಳಿವೆ. ಅಂಗನವಾಡಿ ಸಹಾಯಕಿಯ ಹುದ್ದೆಗೆ ಎಸ್ಸೆಸ್ಸೆಲ್ಸಿ ಕೇಳುತ್ತಾರೆ. ಕಾರ್ಯಕರ್ತೆಯಾಗಲು ಹಿಂದೆ ಎಸ್ಸೆಸ್ಸೆಲ್ಸಿ ಸಾಕಿತ್ತು, ಈಗ ಪಿಯುಸಿ ಬೇಕು. ಆಶಾ ಕಾರ್ಯಕರ್ತೆಯಾಗಲು ಅದೇ ಪ್ರದೇಶದ ನಿವಾಸಿಯಾಗಿರಬೇಕು. ಮದುವೆಯಾದ, ಪತಿಯನ್ನು ಕಳಕೊಂಡ ಅಥವಾ ವಿಚ್ಛೇದಿತರಾದ 25ರಿಂದ 45 ವಯಸ್ಸಿನ ಮಹಿಳೆಯರಿಗೆ ಆದ್ಯತೆ. ಇಲ್ಲಿ ಕುಳಿತಿರುವ ತಾಯಂದಿರೇ, ಇದು ನಿಮ್ಮ ಮಗಳಿಗಲ್ಲ, ನಿಮಗೆ ತೆರೆದಿರುವ ಬಾಗಿಲು. ಆಸ್ಪತ್ರೆ ಹಾಗೂ ಮನೆಗಳಲ್ಲಿ ರೋಗಿಯ ಆರೈಕೆ ಮಾಡುವ ‘ಜನರಲ್ ಡ್ಯೂಟಿ ಅಸಿಸ್ಟೆಂಟ್’ ಕೆಲಸಕ್ಕೆ ಹೆಲ್ತ್‌ಕೇರ್ ಸೆಕ್ಟರ್ ಸ್ಕಿಲ್ ಕೌನ್ಸಿಲ್‌ನ ಪ್ರಮಾಣಪತ್ರವಿರುವ ಕೆಲವು ತಿಂಗಳ ತರಬೇತಿಯಿದೆ. ಹಾಸಿಗೆಯಲ್ಲೇ ಸ್ನಾನ ಮಾಡಿಸುವುದು, ಉಣಿಸುವುದು, ಮಗ್ಗುಲು ಬದಲಿಸುವುದು, ನಾಡಿ ಹಾಗೂ ಜ್ವರ ಬರೆದಿಡುವುದು ಅಲ್ಲಿ ಕಲಿಸುವ ಪಾಠ. ಅಂಗವಿಕಲರೊಂದಿಗೆ ಕೆಲಸ ಮಾಡಬಯಸುವವರಿಗೆ, 2021ರಲ್ಲಿ ಭಾರತೀಯ ಪುನರ್ವಸತಿ ಪರಿಷತ್ತು ಹತ್ತನೇ ತರಗತಿ ಪಾಸಾದವರಿಗಾಗಿ ಆರು ತಿಂಗಳ ಸಮುದಾಯ ಆಧಾರಿತ ಒಳಗೊಳ್ಳುವ ಅಭಿವೃದ್ಧಿ ಕೋರ್ಸನ್ನು ಆರಂಭಿಸಿತು. ಸ್ವತಃ ಅಂಗವಿಕಲರಾಗಿರುವ ಯುವಕ ಯುವತಿಯರಿಗೆ ಗ್ರಾಮ ಪಂಚಾಯತ್ ಮತ್ತು ನಗರ ಮಟ್ಟದಲ್ಲಿ ಪುನರ್ವಸತಿ ಕಾರ್ಯಕರ್ತರಾಗುವ ಅವಕಾಶವನ್ನು ನಮ್ಮ ರಾಜ್ಯ ಸರಕಾರವೇ ಕಲ್ಪಿಸಿದೆ. ನೆರವು ಪಡೆಯುವವರೆಂದು ನಾವು ಭಾವಿಸಿದವರು ನೆರವು ನೀಡುವವರಾಗುವುದೆಂದರೆ ಇದೇ.

ಪಿಯುಸಿ ಪಾಸಾಗಿದ್ದರೆ ದಾರಿ ಇನ್ನಷ್ಟು ಅಗಲವಾಗುತ್ತದೆ. ಎ.ಎನ್.ಎಂ. ತರಬೇತಿ ಎರಡು ವರ್ಷ. ನಾನು ಸೇರಿದ ಕಾಲದಲ್ಲಿ ಎಸ್ಸೆಸ್ಸೆಲ್ಸಿ ಬಳಿಕ ಒಂದೂವರೆ ವರ್ಷವಿತ್ತು. ಜಿ.ಎನ್.ಎಂ. ಮೂರು ವರ್ಷದ ಡಿಪ್ಲೊಮಾ. ಇವೆರಡಕ್ಕೂ ಪಿಯುಸಿಯಲ್ಲಿ ವಿಜ್ಞಾನವನ್ನೇ ಓದಿರಬೇಕೆಂದಿಲ್ಲ. ಕಲಾ ವಿಭಾಗದವಳೆಂದು ಹಿಂಜರಿಯುವ ಹುಡುಗಿಯರಿಗೆ ಈ ಸಂಗತಿಯೇ ತಿಳಿದಿರುವುದಿಲ್ಲ. ವಿಶೇಷ ಮಕ್ಕಳಿಗೆ ಪಾಠ ಹೇಳಲು ವಿಶೇಷ ಶಿಕ್ಷಣದ ಎರಡು ವರ್ಷದ ಡಿಪ್ಲೊಮಾವಿದೆ. ಕಿವುಡರ ಸನ್ನೆ ಭಾಷೆಯ ದುಭಾಷಿಯಾಗಲು ಎರಡು ವರ್ಷದ ಡಿಪ್ಲೊಮಾವಿದೆ. ಇವೆರಡಕ್ಕೂ ಪಿಯುಸಿಯಲ್ಲಿ ಅರ್ಧದಷ್ಟು ಅಂಕ ಬೇಕು.

ಎಸ್ಸೆಸ್ಸೆಲ್ಸಿಯೂ ಆಗದವರು? ಅವರಿಗೆ ನನ್ನ ಉತ್ತರ ಒಂದೇ. ಮೊದಲು ಅದನ್ನು ಮುಗಿಸಿ. ರಾಷ್ಟ್ರೀಯ ಮುಕ್ತ ಶಾಲಾ ಸಂಸ್ಥೆಯ ಮೂಲಕ ಕೆಲಸ ಮಾಡುತ್ತಲೇ ಹತ್ತನೇ ಹಾಗೂ ಹನ್ನೆರಡನೇ ತರಗತಿಯ ಪರೀಕ್ಷೆ ಬರೆಯಬಹುದು. ನಾನು ಪದವಿಯ ವಿರೋಧಿಯಲ್ಲ. ಪದವಿಯಿಲ್ಲವೆಂದು ಬದುಕು ನಿಲ್ಲಬಾರದು ಎನ್ನುವವಳು. ಇನ್ನೊಂದು ಮಾತು: ಕನ್ನಡವನ್ನು ಸ್ಪಷ್ಟವಾಗಿ ಓದಿ ಬರೆಯಲು ಕಲಿಯಿರಿ. ನಮ್ಮ ಅನೇಕ ಮಕ್ಕಳಿಗೆ ಮನೆಯಲ್ಲಿ ಒಂದು ಭಾಷೆ, ಬೀದಿಯಲ್ಲಿ ಇನ್ನೊಂದು. ಆದರೆ ತಾಯಿ ಕಾರ್ಡು, ಅಂಗನವಾಡಿಯ ದಾಖಲೆ, ರೋಗಿಯ ನೋವಿನ ಮಾತು, ಎಲ್ಲವೂ ಈ ನಾಡಿನ ಭಾಷೆಯಲ್ಲಿವೆ. ‘ಎದೆ ಹಿಂಡುತ್ತಿದೆ’ ಎಂಬುದಕ್ಕೂ ‘ಎದೆ ಉರಿಯುತ್ತಿದೆ’ ಎಂಬುದಕ್ಕೂ ವ್ಯತ್ಯಾಸ ತಿಳಿಯದವರು ಆರೈಕೆ ಮಾಡುವುದು ಹೇಗೆ?

*

ದಾರಿ ಇರುವಲ್ಲಿ ದಾರಿಗಳ್ಳರೂ ಇರುತ್ತಾರೆ.

ನನ್ನನ್ನು ನೋಡಿಕೊಂಡ ಆ ಹುಡುಗಿ ಪಿಯುಸಿ ಫೇಲಾದ ವರ್ಷ, ‘ಆರು ತಿಂಗಳಲ್ಲಿ ನರ್ಸ್ ಆಗಿ’ ಎಂಬ ಫಲಕ ನೋಡಿ ಒಂದು ಸಂಸ್ಥೆಗೆ ಸೇರಿದ್ದಳು. ತಾಯಿ ಕಿವಿಯೋಲೆ ಅಡವಿಟ್ಟು ಹಣ ಕಟ್ಟಿದರು. ಬಿಳಿ ಸಮವಸ್ತ್ರ ಕೊಟ್ಟರು, ಫೊಟೊ ತೆಗೆದರು, ಕೊನೆಗೆ ಬಣ್ಣದ ಪ್ರಮಾಣಪತ್ರವನ್ನೂ ಕೊಟ್ಟರು. ಅದನ್ನು ಹಿಡಿದು ಆಸ್ಪತ್ರೆಗೆ ಹೋದಾಗ, ಅದಕ್ಕೆ ಕಾಗದದ ಬೆಲೆಯೂ ಇಲ್ಲವೆಂದು ತಿಳಿಯಿತು. ಆಕೆ ನಿಜವಾದ ಕೆಲಸವನ್ನು ಕಲಿತದ್ದು ಆ ಬಳಿಕ, ರೋಗಿಗಳ ಆರೈಕೆ ಕೇಂದ್ರವೊಂದರಲ್ಲಿ, ಓರ್ವ ಹಿರಿಯ ದಾದಿಯ ಕೈಕೆಳಗೆ.

ಆದ್ದರಿಂದ ಹೆತ್ತವರೇ, ಹಣ ಕಟ್ಟುವ ಮೊದಲು ಐದು ಪ್ರಶ್ನೆಗಳನ್ನು ಕೇಳಿ. ಒಂದು, ಈ ಕೋರ್ಸನ್ನು ಅಂಗೀಕರಿಸಿದ ಮಂಡಳಿ ಯಾವುದು? ನರ್ಸಿಂಗ್ ಆದರೆ ಭಾರತೀಯ ನರ್ಸಿಂಗ್ ಪರಿಷತ್ತು ಮತ್ತು ಕರ್ನಾಟಕ ರಾಜ್ಯ ನರ್ಸಿಂಗ್ ಪರಿಷತ್ತಿನ ಪಟ್ಟಿಯಲ್ಲಿ ಆ ಸಂಸ್ಥೆಯ ಹೆಸರಿರಬೇಕು. ಅಂಗವಿಕಲರ ಸೇವೆಯಾದರೆ ಪುನರ್ವಸತಿ ಪರಿಷತ್ತಿನ ಪಟ್ಟಿಯಲ್ಲಿರಬೇಕು. ಎರಡು, ಪ್ರಾಯೋಗಿಕ ಕಲಿಕೆ ಯಾವ ಆಸ್ಪತ್ರೆಯಲ್ಲಿ, ಎಷ್ಟು ದಿನ? ಮೂರು, ಕಟ್ಟಿದ ಹಣಕ್ಕೆ ರಸೀದಿ ಕೊಡುತ್ತಾರೆಯೇ, ಮೂಲ ಅಂಕಪಟ್ಟಿಯನ್ನು ಹಿಡಿದಿಟ್ಟುಕೊಳ್ಳುತ್ತಾರೆಯೇ? ನಾಲ್ಕು, ಕಳೆದ ವರ್ಷ ಕಲಿತವರು ಈಗ ಎಲ್ಲಿದ್ದಾರೆ? ಇಬ್ಬರೊಂದಿಗಾದರೂ ಮಾತಾಡಿ. ಐದು, ಕೋರ್ಸ್ ಮುಗಿದ ಮೇಲೆ ನನ್ನ ಮಗಳನ್ನು ಏನೆಂದು ಕರೆಯುತ್ತಾರೆ? ಆರು ತಿಂಗಳಿಗೆ ‘ನರ್ಸ್’ ಎಂಬ ಉತ್ತರ ಬಂದರೆ, ಅಲ್ಲಿಂದಲೇ ಎದ್ದು ಬನ್ನಿ.

ಹಾಗೆಯೇ ಮಕ್ಕಳೇ, ನಿಮ್ಮ ಗಡಿಯನ್ನೂ ತಿಳಿಯಿರಿ. ಆರೈಕೆ ಸಹಾಯಕರಾದವರು ದಾದಿಯಲ್ಲ. ಮನೆಯವರು ಎಷ್ಟೇ ಒತ್ತಾಯಿಸಿದರೂ ಚುಚ್ಚುಮದ್ದು ಹಾಕಬೇಡಿ, ಔಷಧದ ಪ್ರಮಾಣ ಬದಲಿಸಬೇಡಿ. ನಾಲ್ಕು ದಿನದ ಶಿಬಿರಕ್ಕೆ ಹೋಗಿ ಬಂದು ‘ಮನಃಶಾಸ್ತ್ರಜ್ಞ’ ಎಂಬ ಫಲಕ ತೂಗುಹಾಕಬೇಡಿ. 1992ರ ಪುನರ್ವಸತಿ ಪರಿಷತ್ತಿನ ಕಾಯಿದೆಯಂತೆ, ನೋಂದಣಿಯಿಲ್ಲದೆ ಕ್ಲಿನಿಕಲ್ ಸೈಕಾಲಜಿಸ್ಟ್ ಅಥವಾ ವಿಶೇಷ ಶಿಕ್ಷಕರಾಗಿ ವೃತ್ತಿ ನಡೆಸುವುದು ಶಿಕ್ಷಾರ್ಹ. ಆತ್ಮಹತ್ಯೆಯ ಮಾತಾಡುವ ವ್ಯಕ್ತಿಯ ಪಕ್ಕದಲ್ಲಿ ಕುಳಿತು ಕೇಳಲು ಪದವಿ ಬೇಡ. ಆದರೆ ಆತನನ್ನು ವೈದ್ಯರ ಬಳಿಗೆ ತಲುಪಿಸುವ ವಿವೇಕ ಬೇಕು.

*

ಈಗ ಸಂಬಳದ ವಿಷಯ. ಇದನ್ನು ಮುಚ್ಚಿಟ್ಟು ನಿಮ್ಮನ್ನು ಹುರಿದುಂಬಿಸಿದರೆ ನಾನೂ ಆ ಫಲಕದವರ ಸಾಲಿಗೆ ಸೇರುತ್ತೇನೆ.

2001-03ರಲ್ಲಿ ಕರ್ನಾಟಕದಲ್ಲಿ ಒಂದು ಲಕ್ಷ ಜೀವಂತ ಜನನಕ್ಕೆ 228 ತಾಯಂದಿರು ಸಾಯುತ್ತಿದ್ದರು. 2018-20ರ ಹೊತ್ತಿಗೆ ಅದು 69ಕ್ಕೆ ಇಳಿಯಿತು. ರಸ್ತೆ, ಆಂಬುಲೆನ್ಸ್, ಆಸ್ಪತ್ರೆ ಎಲ್ಲದರ ಪಾಲೂ ಇದರಲ್ಲಿದೆ. ಆದರೆ ಬಸುರಿಯ ಮನೆಗೆ ಹೋಗಿ, ಅತ್ತೆಯನ್ನು ಒಪ್ಪಿಸಿ, ನಡುರಾತ್ರಿ ಜೊತೆಗೆ ಆಂಬುಲೆನ್ಸ್ ಹತ್ತಿದವರು ಯಾರು? 2022ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯು ಭಾರತದ ಆಶಾ ಕಾರ್ಯಕರ್ತೆಯರಿಗೆ ಜಾಗತಿಕ ಆರೋಗ್ಯ ನಾಯಕರ ಪ್ರಶಸ್ತಿ ನೀಡಿತು. ಆದರೆ ಅದೇ ಆಶಾಗಳು 2025ರ ಜನವರಿಯ ಚಳಿಯಲ್ಲಿ ನಮ್ಮ ಫ್ರೀಡಂ ಪಾರ್ಕಿನಲ್ಲಿ ಹಗಲು ರಾತ್ರಿ ಕೂರಬೇಕಾಯಿತು. ಯಾಕೆ? ತಿಂಗಳಿಗೆ ನಿಶ್ಚಿತ ಗೌರವಧನ ಬೇಕೆಂದು. ಕೊನೆಗೆ 10,000 ರೂಪಾಯಿ ಖಾತರಿಯ ಭರವಸೆ ಸಿಕ್ಕ ಬಳಿಕ ಅವರು ಮನೆಗೆ ಮರಳಿದರು. ಜಗತ್ತು ‘ನಾಯಕಿ’ ಎಂದವರನ್ನು ನಾವು ‘ಕಾರ್ಮಿಕರು’ ಎನ್ನಲೂ ಹಿಂಜರಿಯುತ್ತೇವೆ. ಇದು ಏನನ್ನು ಸೂಚಿಸುತ್ತದೆ?

2013ರ ಭಾರತೀಯ ಕಾರ್ಮಿಕ ಸಮ್ಮೇಳನವು ಇಂಥ ಯೋಜನೆಗಳಲ್ಲಿ ದುಡಿಯುವವರನ್ನು ಕಾರ್ಮಿಕರೆಂದು ಪರಿಗಣಿಸಿ ಕನಿಷ್ಠ ವೇತನ ನೀಡಬೇಕೆಂದು ಶಿಫಾರಸು ಮಾಡಿತ್ತು. 2022ರ ಎಪ್ರಿಲ್‌ನಲ್ಲಿ ಸುಪ್ರೀಂ ಕೋರ್ಟು, ಅಂಗನವಾಡಿ ಕಾರ್ಯಕರ್ತೆಯರೂ ಸಹಾಯಕಿಯರೂ ಗ್ರ್ಯಾಚ್ಯುಟಿಗೆ ಅರ್ಹರು ಎಂದು ತೀರ್ಪು ನೀಡಿತು. 1975ರ ಅಕ್ಟೋಬರ್ 2ರಂದು ಆರಂಭವಾದ, ನಮ್ಮ ರಾಜ್ಯದಲ್ಲಿ ಟಿ. ನರಸೀಪುರದಿಂದ ಶುರುವಾದ ಯೋಜನೆಯೊಂದರ ಮಹಿಳೆಯರಿಗೆ ಈ ಮಾತು ಕೇಳಲು 46 ವರ್ಷ ಬೇಕಾಯಿತು. ಈ ಸ್ಥಿತಿ ಬದಲಾಗುತ್ತಿದ್ದರೆ, ಅದು ಸಂಘಟಿತರಾಗಿ ಕೇಳಿದ್ದರಿಂದ. ಆದ್ದರಿಂದ ಸೇರುವಾಗಲೇ ಕಣ್ಣು ತೆರೆದು ಸೇರಿ.

ಮನೆಗಳಲ್ಲಿ ಆರೈಕೆಗೆ ಹೋಗುವವರಂತೂ ಬಾಯಿಮಾತಿನ ಮೇಲೆ ಹೋಗಲೇಬೇಡಿ. ಎಷ್ಟು ಗಂಟೆ ಕೆಲಸ, ವಾರದ ರಜೆ ಯಾವಾಗ, ಮಲಗುವ ಜಾಗ ಎಲ್ಲಿ, ಏಜೆನ್ಸಿ ಎಷ್ಟು ಹಿಡಿಯುತ್ತದೆ, ಬ್ಯಾಂಕ್ ಖಾತೆಗೆ ಎಷ್ಟು ಬರುತ್ತದೆ ಎಂಬುದು ಬರಹದಲ್ಲಿರಲಿ. ರೋಗಿಯ ಆರೈಕೆಗೆ ಬಂದವರ ಕೈಗೆ ಇಡೀ ಮನೆಯ ಪಾತ್ರೆ ಬಟ್ಟೆಗಳನ್ನು ಕೊಡುವುದು ಸಾಮಾನ್ಯವಾಗಿದೆ. ಅದು ಬೇರೆ ಕೆಲಸ, ಅದಕ್ಕೆ ಬೇರೆ ಕೂಲಿ.

*

ಕೊನೆಯದಾಗಿ, ನಾವು ನಮ್ಮನ್ನೇ ಕೇಳಿಕೊಳ್ಳಬೇಕಾದ ಪ್ರಶ್ನೆ.

2020ರ ಎಪ್ರಿಲ್ 19ರ ರಾತ್ರಿಯನ್ನು ನೆನಪಿಸಿಕೊಳ್ಳಿ. ಇದೇ ಪಶ್ಚಿಮ ಬೆಂಗಳೂರಿನ ಪಾದರಾಯನಪುರಕ್ಕೆ, ಕೊರೋನಾ ಸೋಂಕಿತರ ಸಂಪರ್ಕದಲ್ಲಿದ್ದವರನ್ನು ಕ್ವಾರಂಟೈನ್‌ಗೆ ಕರೆದೊಯ್ಯಲು ಬಂದ ಸಿಬ್ಬಂದಿಯ ಮೇಲೆ ಗುಂಪೊಂದು ಏರಿಹೋಯಿತು. ಹತ್ತಾರು ಮಂದಿಯ ಬಂಧನವಾಯಿತು. ಕೆಲವರ ಕೃತ್ಯಕ್ಕಾಗಿ ಇಡೀ ಸಮುದಾಯವನ್ನು ಕಟಕಟೆಯಲ್ಲಿ ನಿಲ್ಲಿಸಿದ ಮಾಧ್ಯಮಗಳದ್ದು ತಪ್ಪು, ನಿಜ. ಆದರೆ ನೆರವಿಗೆ ಬಂದವರ ಮೇಲೆ ಏರಿಹೋದದ್ದು ತಪ್ಪಲ್ಲವೇ? ನನಗೆ ಅಂದು ಅನಿಸಿದ್ದಿಷ್ಟೇ. ಬಾಗಿಲು ತಟ್ಟಿದವರು ಅದೇ ಓಣಿಯ ಮಗಳಾಗಿದ್ದರೆ, ಅದೇ ಓಣಿಯ ಮಕ್ಕಳಿಗೆ ಪೋಲಿಯೋ ಹನಿ ಹಾಕಿದವಳಾಗಿದ್ದರೆ, ಅಷ್ಟು ಭಯ, ಅಷ್ಟು ವದಂತಿ ಹುಟ್ಟುತ್ತಿತ್ತೇ? ಅದೇ ಕೊರೋನಾ ಕಾಲದಲ್ಲಿ, ಇದೇ ನಗರದ ‘ಮರ್ಸಿ ಏಂಜಲ್ಸ್’ ಸ್ವಯಂಸೇವಕರು, ಮನೆಯವರೂ ಹತ್ತಿರ ಬರಲು ಅಂಜಿದ ಶವಗಳಿಗೆ ಆಯಾ ಧರ್ಮದ ವಿಧಿಯಂತೆ ಅಂತ್ಯಸಂಸ್ಕಾರ ಮಾಡಿದರು. ಆ ಶವಗಳು ಅವರ ಪದವಿಯನ್ನು ಕೇಳಲಿಲ್ಲ, ಅವರು ಶವಗಳ ಧರ್ಮವನ್ನು ನೋಡಿ ಹಿಂದೆ ಸರಿಯಲಿಲ್ಲ.

ಇಷ್ಟಾದರೂ, ಮಗಳು ಆಸ್ಪತ್ರೆಯ ಕೆಲಸಕ್ಕೆ ಹೋಗುತ್ತೇನೆಂದರೆ ಮನೆಯಲ್ಲಿ ಏನು ಹೇಳುತ್ತೇವೆ? ‘ಪರರ ಮಲಮೂತ್ರ ಬಾಚುವ ಕೆಲಸವೇ?’, ‘ರಾತ್ರಿ ಪಾಳಿಗೆ ಹೋದವಳನ್ನು ಯಾರು ಮದುವೆಯಾಗುತ್ತಾರೆ?’ ಆದರೆ ನಮ್ಮ ತಾಯಿ ಆಸ್ಪತ್ರೆಗೆ ಸೇರಿದ ದಿನ ನಾವೇ ಹುಡುಕುವುದು ಏನನ್ನು? ಓರ್ವ ಮಹಿಳೆ ನೋಡಿಕೊಳ್ಳಲಿ, ಕರುಣೆಯಿರುವವಳಾಗಿರಲಿ, ನಮ್ಮ ಮಾತು ತಿಳಿಯುವವಳಾಗಿರಲಿ ಎಂದು ಬಯಸುತ್ತೇವೆ. ಆಕೆ ಎಲ್ಲಿಂದ ಬರಬೇಕು? ಇನ್ನೊಬ್ಬರ ಮನೆಯಿಂದಲೇ? ಹುಡುಗರ ಬಗ್ಗೆಯೂ ಹೇಳುತ್ತೇನೆ. ಇದು ಹೆಣ್ಣಿನ ಕೆಲಸವೆಂದು ದೂರ ನಿಂತವರೇ, ಪಾರ್ಶ್ವವಾಯುವಾದ ಎಂಬತ್ತು ಕಿಲೋ ತೂಕದ ಗಂಡಸನ್ನು ಎತ್ತಿ ಕೂರಿಸುವವರು ಯಾರು? ಪುರುಷ ಸಹಾಯಕರಿಗಾಗಿ ಹುಡುಕಾಡಿ ಸೋತ ಮನೆಗಳನ್ನು ನಾನು ಬಲ್ಲೆ.

ಈ ಸಭೆ ಚಪ್ಪಾಳೆಯಲ್ಲಿ ಮುಗಿಯಬಾರದು. ನನ್ನದು ಮೂರೇ ಕೋರಿಕೆ. ಈ ಊರಿನಲ್ಲಿ ಓದು ನಿಲ್ಲಿಸಿದ ಮಕ್ಕಳ ಪಟ್ಟಿಯೊಂದನ್ನು ಇಲ್ಲಿಯೇ, ಇಂದೇ ಆರಂಭಿಸಿ. ಪರೀಕ್ಷೆ ಮತ್ತೆ ಬರೆಯುವವರ ಶುಲ್ಕವನ್ನೂ, ಅಂಗೀಕೃತ ತರಬೇತಿಗೆ ಸೇರುವವರ ಬಸ್ಸಿನ ಖರ್ಚನ್ನೂ ಉಳ್ಳವರು ವಹಿಸಿಕೊಳ್ಳಿ. ರಾತ್ರಿ ಪಾಳಿ ಮುಗಿಸಿ ಬರುವ ಹುಡುಗಿಯನ್ನು ಬಸ್ ನಿಲ್ದಾಣದಿಂದ ಮನೆಗೆ ತಲುಪಿಸುವ ಹೊಣೆಯನ್ನು ಓಣಿಯ ಹಿರಿಯರು ಹೊರಲಿ. ಆಕೆಯ ಚಾರಿತ್ರ್ಯದ ಬಗ್ಗೆ ಮಾತಾಡುವವರ ಬಾಯಿ ತಾನೇ ಮುಚ್ಚಿಕೊಳ್ಳುತ್ತದೆ.

ನನ್ನ ಮೂಳೆ ಕೂಡಿತು. ಆ ಹುಡುಗಿ ಬೇರೆ ಮನೆಗೆ ಹೋದಳು. ಹೋಗುವ ದಿನ ಆಕೆಯ ನೋಟ್ ಪುಸ್ತಕವನ್ನು ಕೇಳಿ ಪಡೆದುಕೊಂಡೆ. ಎಪ್ಪತ್ತೊಂದು ದಿನ, ಪ್ರತಿ ಎರಡು ಗಂಟೆಯ ಲೆಕ್ಕ. ನಾಡಿ, ಜ್ವರ, ನೀರು, ಮಗ್ಗುಲು. ನಾನು ಸೇವೆಯಲ್ಲಿದ್ದಾಗ ಅಷ್ಟು ಶುದ್ಧವಾಗಿ ದಾಖಲೆ ಬರೆದವರನ್ನು ಹೆಚ್ಚು ಕಂಡಿಲ್ಲ. ಆಕೆ ಈಗ ಪಿಯುಸಿ ಪರೀಕ್ಷೆಗೆ ಮತ್ತೆ ಕಟ್ಟಿದ್ದಾಳೆ, ಎ.ಎನ್.ಎಂ.ಗೆ ಸೇರಬೇಕೆಂದಿದ್ದಾಳೆ. ಪಾಸಾಗುತ್ತಾಳೋ ಇಲ್ಲವೋ ಗೊತ್ತಿಲ್ಲ. ಆದರೆ ಯಾರಾದರೂ ಕೇಳಿದರೆ ‘ನಾನೇನೂ ಓದಿಲ್ಲ’ ಎಂದು ಹೇಳಬೇಡವೆಂದು ಆಕೆಯಿಂದ ಮಾತು ತೆಗೆದುಕೊಂಡಿದ್ದೇನೆ.

ಹಿಂದೆ ಗೋಡೆಗೆ ಒರಗಿ ನಿಂತಿರುವ ಮಕ್ಕಳೇ, ಅದೇ ಮಾತನ್ನು ನಿಮ್ಮಿಂದಲೂ ಕೇಳುತ್ತಿದ್ದೇನೆ. ಮುಂದಿನ ಸಾಲಿನಲ್ಲಿ ಕುರ್ಚಿಗಳು ಖಾಲಿಯಿವೆ. ಬನ್ನಿ, ಕುಳಿತುಕೊಳ್ಳಿ. ಪಟ್ಟಿಯನ್ನು ನಿಮ್ಮಿಂದಲೇ ಶುರು ಮಾಡೋಣ.